ನಡೆದಾಡಬಹುದಾದ ಊರು: ಬೆಂಗಳೂರು ಮತ್ತು ನಮ್ಮ ಇತರ ನಗರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷಗಳಿಂದ ನಮ್ಮ ಬಡಾವಣೆಯ ವಾರ್ಡ್ ಸಭೆಗಳಿಗೆ ತಪ್ಪದೆ ಹೋಗುತ್ತಿದ್ದೇನೆ. ಅಲ್ಲಿ, ಹಾಲಿನ ಬೂತಿನ ಮುಂದೆ, ಪಾರ್ಕಿನ ಬೆಂಚಿನ ಮೇಲೆ ಜನ ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ ಥರ ಇರುತ್ತವೆ. ಅವುಗಳನ್ನೆಲ್ಲ ಒಂದು ಕಡೆ ಬರೆದಿಟ್ಟರೆ ಅನುಕೂಲ ಅನ್ನಿಸಿತು.

ಒಂದು ಊರು ಬಾಳೋಕೆ ಚೆನ್ನಾಗಿದೆ ಅಂತ ಹೇಗೆ ಹೇಳೋದು?

ಹತ್ತು ವರ್ಷದ ಮಗು ಒಬ್ಬನೇ ಮೂಲೆ ಅಂಗಡಿಗೆ ಹೋಗಿ ಕೊತ್ತಂಬರಿ ಸೊಪ್ಪು ತರಬಹುದಾ? ಎಪ್ಪತ್ತು ದಾಟಿದ ಅಜ್ಜಿ ಕೋಲು ಊರಿಕೊಂಡು ದೇವಸ್ಥಾನಕ್ಕೆ ಹೋಗಿ ಬರಬಹುದಾ? ಎರಡಕ್ಕೂ ಹೌದು ಅಂದರೆ ಆ ಬೀದಿ ಚೆನ್ನಾಗಿದೆ. ಮಾಲು, ಐಟಿ ಪಾರ್ಕು, ಗಾಜಿನ ಕಟ್ಟಡ ಎಷ್ಟಿವೆ ಅನ್ನುವುದು ಆಮೇಲಿನ ಮಾತು.

ನಮ್ಮ ಅಮ್ಮನಿಗೆ 74. ಮನೆಯಿಂದ ರಾಯರ ಮಠಕ್ಕೆ ಸುಮಾರು 600 ಮೀಟರ್. ಮೊದಲು ದಿನಾ ಹೋಗುತ್ತಿದ್ದವರು ನಿಧಾನವಾಗಿ ಹೋಗುವುದನ್ನೇ ಬಿಟ್ಟರು. ಮಂಡಿ ನೋವು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಒಂದು ಗುರುವಾರ ಟೇಪು ಹಿಡಿದು ಅವರ ಜೊತೆ ನಾನೂ ಹೊರಟೆ. ಫುಟ್‌ಪಾತ್ ಹತ್ತುವ ಮೊದಲ ಅಂಚೇ 34 ಸೆಂ.ಮೀ. ಎತ್ತರ. ಕಾರು ಒಳಗೆ ಹೋಗಲಿ ಅಂತ ಪ್ರತಿ ಗೇಟಿನ ಮುಂದೆ ಇಳಿಜಾರು ಮಾಡಿದ್ದಾರೆ. ಅಲ್ಲೆಲ್ಲ ಇಳಿಯಬೇಕು, ಮತ್ತೆ ಹತ್ತಬೇಕು. 600 ಮೀಟರಿನಲ್ಲಿ 19 ಸಲ ಹತ್ತಿ ಇಳಿದೆವು. ನಡುವೆ ಎರಡು ಟ್ರಾನ್ಸ್‌ಫಾರ್ಮರ್, ಸುರುಳಿ ಸುತ್ತಿ ಬಿಸಾಕಿದ ಕೇಬಲ್, ಕಾಲಿಟ್ಟರೆ ಲಟಕ್ ಅನ್ನುವ ಚಪ್ಪಡಿ. ಅರ್ಧ ದಾರಿಯಲ್ಲಿ ಅಮ್ಮ ನನ್ನ ಕೈ ಹಿಡಿದು, "ಸುಮ್ನೆ ರಸ್ತೆ ಮೇಲೇ ಹೋಗೋಣ ಬಾರೋ" ಅಂದರು. ಮಂಡಿ ನೋವಿಗೆ ಕಾರಣ ಏನು ಅಂತ ಅವತ್ತು ನನಗೆ ಗೊತ್ತಾಯಿತು.

ಫುಟ್‌ಪಾತ್ ಎಷ್ಟು ಅಗಲ ಇರಬೇಕು ಅಂತ ನಿಯಮ ಏನಾದ್ರೂ ಇದೆಯಾ?

ಇದೆ. ರಸ್ತೆಗಳಿಗೆ ಮಾನದಂಡ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನುವ ಸಂಸ್ಥೆ ಪಾದಚಾರಿಗಳಿಗಾಗಿಯೇ ಒಂದು ಮಾರ್ಗಸೂಚಿ ಮಾಡಿದೆ. ಅದರ ಸಂಖ್ಯೆ ಐಆರ್‌ಸಿ 103. ಮನೆಗಳಿರುವ ಬೀದಿಯಲ್ಲಿ ಏನೂ ಅಡ್ಡ ಇಲ್ಲದ ಜಾಗ ಕಡೇಪಕ್ಷ 1.8 ಮೀಟರ್ ಅಗಲ ಇರಬೇಕು. ಅಂಗಡಿ ಬೀದಿಯಲ್ಲಿ ಇನ್ನೂ ಜಾಸ್ತಿ. ರಸ್ತೆಯಿಂದ ಫುಟ್‌ಪಾತಿನ ಎತ್ತರ 15 ಸೆಂ.ಮೀ. ಮೀರಬಾರದು. 1.8 ಮೀಟರ್ ಯಾಕೆ ಅಂದರೆ, ಎರಡು ಗಾಲಿಕುರ್ಚಿಗಳು ಎದುರಾದಾಗ ಒಂದನ್ನೊಂದು ದಾಟಿಹೋಗಬೇಕಲ್ಲ, ಅದಕ್ಕೆ ಅಷ್ಟು ಜಾಗ ಬೇಕು.

ಅಳೆಯಲು ಟೇಪೇ ಬೇಕು ಅಂತಿಲ್ಲ. ಇಬ್ಬರು ಭುಜಕ್ಕೆ ಭುಜ ಕೊಟ್ಟು ಮಾತಾಡುತ್ತ ನಡೆಯಿರಿ. ಎದುರಿನಿಂದ ಒಬ್ಬರು ಬಂದರೂ ನೀವು ಮಾತು ನಿಲ್ಲಿಸಬೇಕಾಗದಿದ್ದರೆ ಆ ಫುಟ್‌ಪಾತ್ ಪಾಸು.

ಟೆಂಡರ್‌ಶ್ಯೂರ್ ರಸ್ತೆ ಅಂತ ಕೇಳಿದ್ದೀವಿ. ಅಷ್ಟು ದುಡ್ಡು ಸುರಿದು ಫುಟ್‌ಪಾತ್ ಮಾಡೋದು ದಂಡ ಅಲ್ವಾ?

ಈ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನಮ್ಮ ರಸ್ತೆಗಳನ್ನು ಪದೇ ಪದೇ ಅಗೆಯುವುದು ಯಾಕೆ? ಡಾಂಬರಿನ ಕೆಳಗೆ ನೀರಿನ ಪೈಪು, ಒಳಚರಂಡಿ, ಕರೆಂಟು, ಇಂಟರ್ನೆಟ್ ಎಲ್ಲವೂ ಒಂದರ ಮೇಲೊಂದು ಬಿದ್ದಿವೆ. ಯಾವುದು ಎಲ್ಲಿದೆ ಅಂತ ನಕ್ಷೆ ಇಲ್ಲ. ಹೊಸ ಡಾಂಬರು ಹಾಕಿದ ಮರುವಾರವೇ ಪೈಪು ಒಡೆಯುತ್ತದೆ, ಯಾರೋ ಬಂದು ಅಗೆಯುತ್ತಾರೆ, ಮಣ್ಣು ಮುಚ್ಚಿ ಹೋಗುತ್ತಾರೆ. ಮೊದಲ ಮಳೆಗೆ ಅಲ್ಲೇ ಗುಂಡಿ.

ಟೆಂಡರ್‌ಶ್ಯೂರ್ ಮಾದರಿಯಲ್ಲಿ ಕೆಲಸ ನೆಲದ ಕೆಳಗಿನಿಂದ ಶುರುವಾಗುತ್ತದೆ. ಒಂದೊಂದು ಸೇವೆಗೂ ಬೇರೆ ಬೇರೆ ಕೊಳವೆ. ಅಲ್ಲಲ್ಲಿ ಚೇಂಬರು. ಇವೆಲ್ಲ ಬಹುಮಟ್ಟಿಗೆ ಫುಟ್‌ಪಾತಿನ ಅಡಿಯಲ್ಲಿ. ಹೊಸ ಕೇಬಲ್ ಎಳೆಯಬೇಕಾದರೆ ಮುಚ್ಚಳ ತೆಗೆದು ತೂರಿಸಿದರೆ ಆಯಿತು, ಡಾಂಬರು ಮುಟ್ಟುವ ಹಾಗೇ ಇಲ್ಲ. ಮೇಲೆ ವಾಹನದ ಲೇನುಗಳು ಉದ್ದಕ್ಕೂ ಒಂದೇ ಅಗಲ. ಉಳಿದ ಜಾಗವೆಲ್ಲ ನಡೆಯುವವರಿಗೆ, ಮರಕ್ಕೆ, ಬಸ್ ನಿಲ್ದಾಣಕ್ಕೆ. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ, ವಿಠ್ಠಲ್ ಮಲ್ಯ ರಸ್ತೆಗಳು ಮೊದಲ ಕಂತಿನಲ್ಲಿ ಹೀಗೆ ಆದವು.

ಖರ್ಚು ಸಾಮಾನ್ಯ ಡಾಂಬರು ರಸ್ತೆಗಿಂತ ಬಹಳ ಜಾಸ್ತಿ, ನಿಜ. ಆದರೆ ಅಗೆದು ಮುಚ್ಚುವ, ಮತ್ತೆ ಅಗೆಯುವ ಖರ್ಚನ್ನು ಹತ್ತು ವರ್ಷಕ್ಕೆ ಕೂಡಿಸಿ ನೋಡಿ. ಅದರ ಮೇಲೆ ಕೈಕಾಲು ಮುರಿದುಕೊಂಡವರ ಆಸ್ಪತ್ರೆ ಬಿಲ್ಲನ್ನೂ ಸೇರಿಸಿ. ನನ್ನ ತಕರಾರು ಬೇರೆ. ಮೊದಲ ಕೆಲಸ ಶುರುವಾಗಿದ್ದು ಊರಿನ ನಡುವಿನ ಶ್ರೀಮಂತ ರಸ್ತೆಗಳಲ್ಲಿ. ದಿನಾ ಸಾವಿರಾರು ಜನ ನಡೆಯುವ ಕಲಾಸಿಪಾಳ್ಯ, ಯಶವಂತಪುರ, ಪೀಣ್ಯದ ರಸ್ತೆಗಳಿಗೆ ಇದು ಮೊದಲು ಬರಬೇಕಿತ್ತು.

ರಸ್ತೆ ಅಗಲ ಮಾಡಿ, ಫ್ಲೈಓವರ್ ಹಾಕಿದ್ರೆ ಟ್ರಾಫಿಕ್ ಕಡಿಮೆ ಆಗಲ್ವಾ?

ಸ್ವಲ್ಪ ದಿನ ಆಗುತ್ತದೆ. ಆಮೇಲೆ ಮತ್ತೆ ಅದೇ ಕಥೆ. ರಸ್ತೆ ಖಾಲಿ ಅಂತ ಗೊತ್ತಾದ ಕೂಡಲೇ ಬಸ್ಸಿನಲ್ಲಿ ಹೋಗುತ್ತಿದ್ದವರು ಕಾರು ತೆಗೆಯುತ್ತಾರೆ. ಊರಾಚೆ ಹೊಸ ಲೇಔಟ್ ಏಳುತ್ತದೆ. "ಫ್ಲೈಓವರ್ ಇದೆಯಲ್ಲ, ಇಪ್ಪತ್ತೇ ನಿಮಿಷ" ಅಂತ ಸೈಟು ಮಾರುತ್ತಾರೆ. ಕೆಲವೇ ವರ್ಷದಲ್ಲಿ ಆ ರಸ್ತೆಯೂ ತುಂಬುತ್ತದೆ. 2003ರಲ್ಲಿ ತೆರೆದ ಹೆಬ್ಬಾಳದ ಮೇಲ್ಸೇತುವೆ ನಮ್ಮ ಕಣ್ಣ ಮುಂದೇ ಇದೆ. ಅದಕ್ಕೆ ಕೈಕಾಲು ಸೇರಿಸುವ ಕೆಲಸ ಇವತ್ತಿಗೂ ನಿಂತಿಲ್ಲ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಕೇಟಿ ಫ್ರೀವೇ ಅನ್ನುವ ಹೆದ್ದಾರಿಯನ್ನು ಕೆಲವು ಕಡೆ 26 ಲೇನಿನವರೆಗೆ ಅಗಲ ಮಾಡಿದರು. ಕೆಲವು ವರ್ಷ ಕಳೆಯುವುದರೊಳಗೆ ಅಲ್ಲಿ ಪ್ರಯಾಣದ ಹೊತ್ತು ಮತ್ತೆ ಜಾಸ್ತಿಯೇ ಆಯಿತು.

ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಸೇತುವೆ ಕಟ್ಟುತ್ತೇವೆ ಅಂದಾಗ 2016ರ ಅಕ್ಟೋಬರಿನಲ್ಲಿ ಜನ ಕೈ ಕೈ ಹಿಡಿದು ಸಾಲಾಗಿ ನಿಂತು ಬೇಡ ಅಂದರು. ಮರುವರ್ಷ ಸರ್ಕಾರ ಯೋಜನೆ ಕೈಬಿಟ್ಟಿತು. ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ಗೆ ಸುರಂಗ ರಸ್ತೆಯ ಮಾತು ನಡೆದಿದೆ. ಮೇಲೆ ಕಟ್ಟಿದರೂ ಕೆಳಗೆ ಕೊರೆದರೂ ಕಾರಿಗೆ ಜಾಗ ಮಾಡಿಕೊಟ್ಟರೆ ಕಾರೇ ಬರುವುದು. ಅಷ್ಟು ದುಡ್ಡಿಗೆ ಎಷ್ಟು ಬಸ್ಸು, ಎಷ್ಟು ಕಿಲೋಮೀಟರ್ ಫುಟ್‌ಪಾತ್ ಬರುತ್ತಿತ್ತು ಅಂತ ಲೆಕ್ಕ ಹಾಕಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಮೆಟ್ರೋ ಬಂತಲ್ಲ, ಇನ್ನೂ ಬಸ್ ಯಾಕೆ ಬೇಕು?

ಮೆಟ್ರೋ ಬೇಕು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ರೈಲು ಓಡಿತು. ಈಗ ನೇರಳೆ ಮಾರ್ಗ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ 43 ಕಿ.ಮೀ. ದಾಟಿದೆ. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗವೂ ಬಂತು. ಆದರೆ ಮೆಟ್ರೋ ನಿಮ್ಮ ಮನೆ ಬಾಗಿಲಿಗೆ ಬರುವುದಿಲ್ಲ ಅಲ್ವಾ? ನಿಲ್ದಾಣದಿಂದ ಮನೆಗೆ ಕೊನೆಯ ಒಂದೆರಡು ಕಿಲೋಮೀಟರ್ ಇದೆಯಲ್ಲ, ಅಲ್ಲಿಗೆ ಬಸ್ಸು ಬೇಕು. ಇಲ್ಲವೇ ಕತ್ತಲಲ್ಲೂ ಹೆದರದೆ ನಡೆಯಬಹುದಾದ ದಾರಿ ಬೇಕು. ಅದು ಇಲ್ಲದಿದ್ದರೆ ಜನ ಮೆಟ್ರೋ ಬಿಟ್ಟು ಸ್ಕೂಟರೇ ತೆಗೆಯುತ್ತಾರೆ.

ಒಂದು ಬಸ್ಸಿನಲ್ಲಿ 60 ಜನ ಅಂದುಕೊಳ್ಳಿ. ಅದೇ 60 ಜನ ಕಾರಿಗೆ ಒಬ್ಬಿಬ್ಬರಂತೆ ಹೊರಟರೆ 40 ಕಾರು. ಆ 40 ಕಾರಿನ ಹಿಂದೆ ಬಸ್ಸು ಸಿಕ್ಕಿಕೊಂಡು ನಿಲ್ಲುತ್ತದೆ. ಅದಕ್ಕೇ ಬಸ್ಸಿಗೆ ಬೇರೆ ಲೇನು ಬೇಕು ಅನ್ನುವುದು. ಹೊರವರ್ತುಲ ರಸ್ತೆಯಲ್ಲಿ 2019ರಲ್ಲಿ ಗೂಟ ನೆಟ್ಟು ಬಸ್ ಲೇನು ಮಾಡಿದ್ದರು. ಅದು ಉಳಿಯಲಿಲ್ಲ. ಮತ್ತೆ ಬರಲೇಬೇಕು.

2023ರ ಜೂನ್ 11ರಂದು ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ಇನ್ನೊಂದು ಮಾತು ಹೇಳಿದರು. "ಮುಂಚೆ ನಡ್ಕೊಂಡು ಹೋಗೋ ದೂರದಲ್ಲಿ ಮಾತ್ರ ಮನೆ ಒಪ್ಪಿಕೊಳ್ತಿದ್ದೆ ಸಾರ್. ಈಗ ಬಸ್ ಹತ್ತಿ ಜಯನಗರದಲ್ಲೂ ಎರಡು ಮನೆ ಹಿಡ್ದಿದೀನಿ." ಟಿಕೆಟ್ಟಿನ ದುಡ್ಡು ಉಳಿಯುವುದು ಒಂದು ಕಡೆ ಇರಲಿ. ಅವರ ಪಾಲಿಗೆ ಊರು ದೊಡ್ಡದಾಯಿತು.

ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ ಗೆದ್ದಿತಾ, ಸೋತಿತಾ?

ಎರಡೂ ಅನ್ನಬೇಕು. ಎರಡು ಊರಿನ ನಡುವೆ ಸುಮಾರು 22 ಕಿ.ಮೀ. ಬಸ್ಸಿಗಂತಲೇ ಬಿಟ್ಟ ದಾರಿ. 2018ರಲ್ಲಿ ಬಸ್ಸು ಓಡಲು ಶುರುವಾಯಿತು, 2020ರಲ್ಲಿ ವಿಧಿವತ್ತಾಗಿ ಉದ್ಘಾಟನೆ ಆಯಿತು. ರಸ್ತೆ ಮಧ್ಯದ ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಮಟ್ಟ. ಮಂಡಿ ನೋವಿನವರು ಮೆಟ್ಟಿಲು ಹತ್ತಬೇಕಿಲ್ಲ, ಸುಮ್ನೆ ಒಳಗೆ ನಡೆದರಾಯಿತು. ಇದು ಎಷ್ಟು ದೊಡ್ಡ ಅನುಕೂಲ ಅಂತ ವಯಸ್ಸಾದವರನ್ನು ಕೇಳಿ. ಆದರೆ ಆ ನಿಲ್ದಾಣ ತಲುಪಬೇಕಾದರೆ ವಾಹನ ನುಗ್ಗಿ ಬರುವ ರಸ್ತೆ ದಾಟಬೇಕು. ಮಧ್ಯೆ ಬಸ್ಸಿಗೆ ಜಾಗ ಕೊಟ್ಟು ಬದಿಯಲ್ಲಿ ನಡೆಯುವವರನ್ನು ಮರೆತರೆ ಹೀಗಾಗುತ್ತದೆ.

ಅಂಗಡಿ ಬೀದಿಗೆ ವಾಹನ ಬಿಡದಿದ್ರೆ ವ್ಯಾಪಾರ ಬಿದ್ದುಹೋಗಲ್ವಾ?

ವ್ಯಾಪಾರಿಗಳ ಭಯ ಅರ್ಥವಾಗುತ್ತದೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 1962ರಲ್ಲಿ ಸ್ಟ್ರಾಯೆಟ್ ಬೀದಿಯಿಂದ ಕಾರು ತೆಗೆದಾಗ ಅಲ್ಲಿನ ಅಂಗಡಿಯವರೂ ಇದನ್ನೇ ಹೇಳಿದ್ದರು. ಇವತ್ತು ಅದು ಆ ಊರಿನ ದೊಡ್ಡ ವ್ಯಾಪಾರದ ಬೀದಿ. ಕಾರಿನಲ್ಲಿ ಹೋಗುವವನು ಅಂಗಡಿ ದಾಟಿ ಹೋಗುತ್ತಾನೆ. ನಡೆಯುವವನು ನಿಂತು ನೋಡುತ್ತಾನೆ.

ನಮ್ಮ ಚರ್ಚ್ ಸ್ಟ್ರೀಟ್ ಹೊಸ ರೂಪ ಪಡೆದು 2018ರ ಮಾರ್ಚಿನಲ್ಲಿ ತೆರೆಯಿತು. ಕಲ್ಲು ಹಾಸು, ಕೂರಲು ಜಾಗ, ಅಗಲ ಫುಟ್‌ಪಾತು. 2020ರ ನವೆಂಬರಿನಿಂದ ಕೆಲವು ತಿಂಗಳು ಶನಿವಾರ, ಭಾನುವಾರ ವಾಹನ ಬಿಡಲಿಲ್ಲ. ಮಕ್ಕಳು ರಸ್ತೆ ಮಧ್ಯೆ ಕೂತು ಚಿತ್ರ ಬರೆದಿದ್ದನ್ನು ನೋಡಿದ್ದೇನೆ. ಪುಸ್ತಕದ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರಲಿಲ್ಲ. ಪ್ರಯೋಗ ಮುಗಿದ ಮೇಲೆ ವಾಹನ ವಾಪಸ್ ಬಂತು. ಕಲ್ಲುಗಳೂ ಅಲ್ಲಲ್ಲಿ ಕಿತ್ತವು. ಮಾಡಿದ್ದನ್ನು ನೋಡಿಕೊಳ್ಳುವ ಕೆಲಸಕ್ಕೂ ದುಡ್ಡು ಎತ್ತಿಡಬೇಕು. ಅದು ನಮ್ಮಲ್ಲಿ ಅಭ್ಯಾಸ ಆಗಿಲ್ಲ.

ಫುಟ್‌ಪಾತ್ ಮೇಲಿನ ಬೀದಿ ವ್ಯಾಪಾರಿಗಳನ್ನ ಎಬ್ಬಿಸಿದ್ರೆ ಅರ್ಧ ಸಮಸ್ಯೆ ಮುಗಿಯುತ್ತೆ ಅಲ್ವಾ?

ನಾನು ಒಪ್ಪುವುದಿಲ್ಲ. ರಾತ್ರಿ ಒಂಬತ್ತಕ್ಕೆ ಒಂದು ಹೆಣ್ಣುಮಗು ಬಸ್ಸಿಳಿದು ನಡೆಯುವಾಗ ಮುಚ್ಚಿದ ಗೇಟುಗಳ ಬೀದಿ ಹೆದರಿಕೆ ಹುಟ್ಟಿಸುತ್ತದೆ. ಹೂ ಮಾರುವವರು, ಜೋಳ ಸುಡುವವರು ಇರುವ ಬೀದಿ ಧೈರ್ಯ ಕೊಡುತ್ತದೆ. ಗಾಂಧಿ ಬಜಾರಿನಲ್ಲಿ ಸಂಜೆ ಮಲ್ಲಿಗೆ, ಕನಕಾಂಬರದ ಬುಟ್ಟಿಗಳ ಮುಂದೆ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ಹಕ್ಕು ಕೊಟ್ಟಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು. ಸಮೀಕ್ಷೆ ಮಾಡದೆ ಯಾರನ್ನೂ ಎಬ್ಬಿಸುವ ಹಾಗಿಲ್ಲ. ನಡೆಯಲು 1.8 ಮೀಟರ್ ಬಿಟ್ಟು, ಅದರ ಪಕ್ಕದಲ್ಲಿ ಅವರಿಗೆ ಜಾಗ ಗುರುತು ಮಾಡಿ ಕೊಟ್ಟರೆ ಇಬ್ಬರಿಗೂ ಆಗುತ್ತದೆ. ಫುಟ್‌ಪಾತ್ ಮೇಲೆ ನಿಲ್ಲಿಸಿದ ಒಂದು ಕಾರು ನಾಲ್ಕು ತಳ್ಳುಗಾಡಿಯ ಜಾಗ ತಿನ್ನುತ್ತದೆ. ಅದನ್ನು ಯಾರೂ ಒತ್ತುವರಿ ಅನ್ನುವುದೇ ಇಲ್ಲ.

ಕೆರೆಗೂ ಊರು ಚೆನ್ನಾಗಿರೋದಕ್ಕೂ ಏನು ಸಂಬಂಧ?

ಬೆಂಗಳೂರಿಗೆ ದೊಡ್ಡ ಹೊಳೆ ಇಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಊರಿದೆ. ಹಿಂದಿನವರು ಕೆರೆ ಕಟ್ಟಿದರು. ಒಂದು ತುಂಬಿದರೆ ಕೋಡಿ ಹರಿದು ರಾಜಕಾಲುವೆಯಲ್ಲಿ ಮುಂದಿನ ಕೆರೆಗೆ. ಅಲ್ಲಿಂದ ಅದರ ಮುಂದಿನದಕ್ಕೆ. ಈ ಸರಪಳಿಯನ್ನು ನಾವು ಕಡಿದೆವು. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು.

ನೀರಿಗೆ ಹಳೆ ದಾರಿ ಮರೆಯುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು ಸುತ್ತಮುತ್ತ ಕೋಟಿ ಬೆಲೆಯ ಮನೆಯವರನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಬೇಕಾಯಿತು. ಅದಾಗಿ ಎರಡು ವರ್ಷವೂ ತುಂಬಿರಲಿಲ್ಲ, 2024ರ ಬೇಸಿಗೆಯಲ್ಲಿ ಅದೇ ಊರಿನಲ್ಲಿ ಕುಡಿಯುವ ನೀರಿಗೆ ಟ್ಯಾಂಕರಿನ ಹಿಂದೆ ಬಿಂದಿಗೆ ಸಾಲು. ಪ್ರವಾಹ ಮತ್ತು ಬರ ಒಂದೇ ತಪ್ಪಿನ ಎರಡು ಮುಖ. ಮಳೆನೀರು ನಿಲ್ಲಬೇಕಾದ ಕಡೆ ನಿಲ್ಲುತ್ತಿಲ್ಲ.

ಸರಿಮಾಡಲು ಆಗುತ್ತದೆ. ಜಕ್ಕೂರು ಕೆರೆಗೆ ಹೋಗಿ ಬನ್ನಿ. ಅಲ್ಲಿ ಕೊಳಚೆ ನೀರನ್ನು ಮೊದಲು ಶುದ್ಧೀಕರಣ ಘಟಕದಲ್ಲಿ ತೊಳೆಯುತ್ತಾರೆ. ಆಮೇಲೆ ಜೊಂಡು ಬೆಳೆದ ಜೌಗಿನ ಮೂಲಕ ಹರಿಸುತ್ತಾರೆ. ಜೊಂಡಿನ ಬೇರು ಉಳಿದ ಕೊಳೆಯನ್ನು ಹೀರಿಕೊಳ್ಳುತ್ತದೆ. ಆ ನೀರು ಕೆರೆಗೆ ಬೀಳುತ್ತದೆ, ಸುತ್ತಲಿನ ಅಂತರ್ಜಲಕ್ಕೂ ಇಳಿಯುತ್ತದೆ. ಬೆಳಿಗ್ಗೆ ಹೋದರೆ ಮೀನುಗಾರರ ದೋಣಿಯನ್ನೂ ಬಕಪಕ್ಷಿಗಳನ್ನೂ ಒಟ್ಟಿಗೆ ನೋಡಬಹುದು.

ರಾಜಕಾಲುವೆ ಮೇಲೆ ಚಪ್ಪಡಿ ಮುಚ್ಚಿದ್ರೆ ವಾಸನೆ ಹೋಗುತ್ತೆ ಅಲ್ವಾ?

ವಾಸನೆ ಮುಚ್ಚಿಹೋಗುತ್ತದೆ, ಕೊಳಚೆ ಹೋಗುವುದಿಲ್ಲ. ದಕ್ಷಿಣ ಕೊರಿಯಾದ ಸೋಲ್ ನಗರದವರು ಚಿಯಾಂಗ್‌ಗೈಚಾನ್ ಅನ್ನುವ ತೊರೆಯನ್ನು ಮುಚ್ಚಿ, ಮೇಲೆ ಎತ್ತರದ ರಸ್ತೆಯನ್ನೂ ಕಟ್ಟಿದ್ದರು. 2003ರಲ್ಲಿ ಆ ರಸ್ತೆಯನ್ನೇ ಕೆಡವಿದರು. 2005ರಲ್ಲಿ ಸುಮಾರು 6 ಕಿ.ಮೀ. ಉದ್ದದ ತೊರೆ ಮತ್ತೆ ಬೆಳಕು ಕಂಡಿತು. ಅಲ್ಲಿ ಹರಿಯುವ ನೀರಿನಲ್ಲಿ ಹೆಚ್ಚಿನದನ್ನು ನದಿಯಿಂದ ಪಂಪ್ ಮಾಡುತ್ತಾರೆ, ಅದನ್ನೂ ಹೇಳಬೇಕು. ನಮ್ಮಲ್ಲಿ ಮೆಜೆಸ್ಟಿಕ್ ಕಡೆಯಿಂದ ಶಾಂತಿನಗರ, ಕೋರಮಂಗಲ ದಾಟಿ ಬೆಳ್ಳಂದೂರಿಗೆ ಹೋಗುವ ಕೆ-100 ರಾಜಕಾಲುವೆಯಲ್ಲಿ ಇಂಥ ಕೆಲಸ ಆಗಿದೆ. ಎರಡೂ ಬದಿ ನಡೆಯುವ ದಾರಿ, ಗಿಡ. ಮನೆಗಳ ಕೊಳಚೆ ಅದಕ್ಕೆ ಸೇರದಂತೆ ನೋಡಿಕೊಳ್ಳುವುದೇ ಅಸಲು ಕೆಲಸ.

ಮರ ಕಡಿಯೋದನ್ನ ತಡೆಯೋಕೆ ಆಗುತ್ತಾ?

ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ಯಾವುದಾದರೂ ಯೋಜನೆಗೆ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಆಕ್ಷೇಪಣೆ ಬರೆಯಿರಿ, ನಾಲ್ಕು ಸಾಲಾದರೂ ಸಾಕು. ನಿಮ್ಮ ಬೀದಿಯ ಹೊಂಗೆ ಮರದ ಬುಡ ನೋಡಿ. ಕಾಂಡದವರೆಗೂ ಕಾಂಕ್ರೀಟ್ ಮೆತ್ತಿದ್ದರೆ ಅದು ನಿಧಾನವಾಗಿ ಉಸಿರುಕಟ್ಟಿ ಸಾಯುತ್ತದೆ. ಸುತ್ತ ಒಂದು ಮೀಟರ್ ಮಣ್ಣು ಬಿಡಿಸಿ. ಮಳೆನೀರೂ ಅಲ್ಲೇ ಇಂಗುತ್ತದೆ.

ಹಳೆ ಬಡಾವಣೆಗಳು ಯಾಕೆ ಈಗಲೂ ಹಿತವಾಗಿವೆ?

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಿನ ಪೇಟೆಯಿಂದ ಜನ ಹೊರಗೆ ಬಂದು ಮಲ್ಲೇಶ್ವರ, ಬಸವನಗುಡಿ ಬೆಳೆದವು. ಗಾಳಿ ಆಡಲಿ, ಬೆಳಕು ಬೀಳಲಿ ಅನ್ನುವುದೇ ಅಲ್ಲಿನ ಯೋಜನೆ. ಮೈಸೂರಿನಲ್ಲೂ 1903ರಲ್ಲಿ ನಗರಾಭಿವೃದ್ಧಿಗೆ ಟ್ರಸ್ಟ್ ಬೋರ್ಡ್ ಹುಟ್ಟಿತು. ಚೌಕ ಚೌಕದ ಬೀದಿ, ಮನೆ ಹಿಂದೆ ಕಸ, ಕೊಳಚೆ ಸಾಗಿಸಲು ಕನ್ಸರ್ವೆನ್ಸಿ ಲೇನು ಅನ್ನುವ ಸಣ್ಣ ಓಣಿ, ನಡೆದು ಹೋಗುವ ದೂರದಲ್ಲಿ ಮಾರುಕಟ್ಟೆ, ಶಾಲೆ, ದೇವಸ್ಥಾನ, ಪಾರ್ಕು. ದಿನಕ್ಕೆ ಬೇಕಾದ್ದೆಲ್ಲ ಹದಿನೈದು ನಿಮಿಷ ನಡೆದರೆ ಸಿಗಬೇಕು, ಅಂಥ "ಹದಿನೈದು ನಿಮಿಷದ ನಗರ" ಅಂತ ಈಗ ಜಗತ್ತಿನ ತುಂಬ ಮಾತಾಡುತ್ತಾರೆ. ಎಂಟನೇ ಕ್ರಾಸಿನಲ್ಲಿ ತರಕಾರಿ ಕೊಂಡು ನಡೆದು ಮನೆಗೆ ಹೋಗುವ ಮಲ್ಲೇಶ್ವರದವರಿಗೆ ಅದು ದಿನದ ಬದುಕು. ಊರಾಚೆಯ ಹೊಸ ಲೇಔಟುಗಳಲ್ಲಿ ಸೈಟು ಇದೆ, ಅಂಗಡಿ ಇಲ್ಲ. ಹಾಲಿಗೂ ಸ್ಕೂಟರ್ ತೆಗೆಯಬೇಕು.

ಬೀದಿ ಚೆಂದ ಆದ್ರೆ ಬಾಡಿಗೆ ಏರುತ್ತೆ. ಬಡವರು ಎಲ್ಲಿಗೆ ಹೋಗಬೇಕು?

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಫುಟ್‌ಪಾತ್ ಒಳ್ಳೆಯದಾಯಿತು ಅಂತ ಮನೆ ಮಾಲೀಕರು ಬಾಡಿಗೆ ಏರಿಸುವುದನ್ನು ನಾನೇ ನೋಡಿದ್ದೇನೆ. ಬೆಳಗಿನ ಜಾವ ಆ ರಸ್ತೆ ಗುಡಿಸುವ ಪೌರಕಾರ್ಮಿಕರು ಅದರ ಹತ್ತಿರ ಬಾಡಿಗೆಗೆ ಇರಲಾಗದೆ ದೂರದಿಂದ ಬರುತ್ತಾರೆ. ಆಸ್ಟ್ರಿಯಾದ ವಿಯೆನ್ನಾದಲ್ಲಿ ಅರ್ಧದಷ್ಟು ಜನ ನಗರಾಡಳಿತ ಕಟ್ಟಿಸಿದ ಅಥವಾ ಸರ್ಕಾರದ ನೆರವಿನಿಂದ ಕಟ್ಟಿದ ಮನೆಗಳಲ್ಲಿ ಇದ್ದಾರೆ. ಅವು ಊರಿನ ನಡುವೆಯೇ ಇವೆ. ಒಂದು ಬೀದಿ ಮಾತ್ರ ಚೆಂದವಾದರೆ ಎಲ್ಲರೂ ಅಲ್ಲಿಗೇ ಮುಗಿಬೀಳುತ್ತಾರೆ, ಬಾಡಿಗೆ ಏರುತ್ತದೆ. ಎಲ್ಲ ಬೀದಿಗಳೂ ಒಂದು ಮಟ್ಟಕ್ಕೆ ಬರಬೇಕು. ಮೆಟ್ರೋ ನಿಲ್ದಾಣದ ಹತ್ತಿರದ ಸರ್ಕಾರಿ ಜಾಗದಲ್ಲಿ ಕಡಿಮೆ ಬಾಡಿಗೆಯ ಮನೆ ಕಟ್ಟಬೇಕು. ಇದರಲ್ಲಿ ನನಗೆ ರಾಜಿ ಇಲ್ಲ.

ಇದನ್ನೆಲ್ಲ ಯಾರನ್ನ ಕೇಳಬೇಕು?

ಸಂವಿಧಾನದ 1992ರ 74ನೇ ತಿದ್ದುಪಡಿಯ ಪ್ರಕಾರ ಊರಿನ ಯೋಜನೆ, ರಸ್ತೆ, ನೀರು ಸೇರಿ 18 ಕೆಲಸಗಳು ನಗರಾಡಳಿತದ ಕೈಗೆ ಬರಬೇಕು. ಬೆಂಗಳೂರಿನಲ್ಲಿ ನೀರಿಗೆ ಒಂದು ಮಂಡಳಿ, ಬಸ್ಸಿಗೆ ಒಂದು ನಿಗಮ, ಯೋಜನೆಗೆ ಒಂದು ಪ್ರಾಧಿಕಾರ. 2020ರ ಸೆಪ್ಟೆಂಬರಿನಲ್ಲಿ ಆಗಿನ ಮಹಾನಗರ ಪಾಲಿಕೆ ಬಿಬಿಎಂಪಿಯ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅದರ ಜಾಗದಲ್ಲಿ ಐದು ಪಾಲಿಕೆಗಳಾದವು. ನಿಮ್ಮ ಮನೆ ಯಾವ ಪಾಲಿಕೆಗೆ, ಯಾವ ವಾರ್ಡಿಗೆ ಬರುತ್ತದೆ ಅಂತ ಮೊದಲು ತಿಳಿದುಕೊಳ್ಳಿ. ವಾರ್ಡ್ ಸಮಿತಿ ಸಭೆಗೆ ಹೋಗಿ. ಹೋಗುವವರು ತುಂಬಾ ಕಡಿಮೆ. ಹಾಗಾಗಿ ಹೋದವರ ಮಾತಿಗೆ ತೂಕ ಇರುತ್ತದೆ.

ಒಬ್ಬನೇ ಹೋಗಿ ಏನು ಮಾಡಲಿ?

ನಾನು ಮಾಡಿದ್ದು ಹೇಳುತ್ತೇನೆ. ಅಮ್ಮನ ಜೊತೆ ನಡೆದ ಆ 600 ಮೀಟರಿನ ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆದೆ. ಎಲ್ಲಿ ಎಷ್ಟು ಎತ್ತರ, ಎಲ್ಲಿ ಚಪ್ಪಡಿ ಅಲುಗುತ್ತದೆ, ಯಾವ ಕಂಬ ಅಡ್ಡ. ಪಕ್ಕದಲ್ಲಿ ಫೋಟೋ ಅಂಟಿಸಿದೆ. "ಫುಟ್‌ಪಾತ್ ಸರಿ ಇಲ್ಲ" ಅಂತ ದೂರು ಕೊಟ್ಟರೆ ಕಡತದಲ್ಲಿ ಮಲಗುತ್ತದೆ. "ಇಷ್ಟನೇ ಮನೆ ಮುಂದೆ 34 ಸೆಂ.ಮೀ., ಇರಬೇಕಾದ್ದು 15" ಅಂದರೆ ಉತ್ತರ ಕೊಡಲೇಬೇಕಾಗುತ್ತದೆ. ಮೊದಲೆರಡು ಸಲ ಸಂಬಂಧಪಟ್ಟ ಕಚೇರಿಯಲ್ಲಿ ನಾಳೆ ಬನ್ನಿ ಅಂದರು. ಮೂರನೇ ಸಲ ಬೀದಿಯ 40 ಮನೆಯವರ ಸಹಿ ಜೊತೆಗಿತ್ತು. ಒಬ್ಬ ಎಂಜಿನಿಯರ್ ನಮ್ಮ ಜೊತೆ ನಡೆದು ನೋಡಲು ಒಪ್ಪಿದರು. ಅವರನ್ನು ಅಮ್ಮನ ವೇಗದಲ್ಲೇ ನಡೆಸಿದೆವು.

ಹನ್ನೊಂದು ತಿಂಗಳ ಮೇಲೆ ಕೆಲಸ ಶುರುವಾಯಿತು. ಈವರೆಗೆ ಆಗಿರುವುದು 140 ಮೀಟರ್. ಅಂಚು 15 ಸೆಂ.ಮೀ.ಗೆ ಇಳಿದಿದೆ. ಗೇಟುಗಳ ಮುಂದೆ ಫುಟ್‌ಪಾತ್ ಒಂದೇ ಮಟ್ಟದಲ್ಲಿ ಮುಂದುವರಿಯುತ್ತದೆ, ಕಾರು ಹತ್ತಿ ಇಳಿಯುತ್ತದೆ. ಮಠದವರೆಗೆ ಇನ್ನೂ 460 ಮೀಟರ್ ಬಾಕಿ ಇದೆ. ಅಮ್ಮ ಈಗ ದಿನಾ ಸಂಜೆ ಮೆಡಿಕಲ್ ಸ್ಟೋರಿನ ತಿರುವಿನವರೆಗೆ ಹೋಗಿ, ಅಲ್ಲಿ ಹೂ ಮಾರುವವರ ಹತ್ತಿರ ಸ್ವಲ್ಪ ಹೊತ್ತು ಕೂತು, ಒಂದು ಮೊಳ ಮಲ್ಲಿಗೆ ತಂದು ಬರುತ್ತಾರೆ.